ಹಳೆಯ ಸಫಾರಿಯನ್ನು ಮನೆಯಲ್ಲೇ ಪಿಕಪ್ ಮಾಡಬಹುದೇ?

ಪ್ರಶ್ನೆ: ನನ್ನ ಬಳಿ 2004ರಲ್ಲಿ ನೋಂದಣಿಯಾದ ಟಾಟಾ ಸಫಾರಿ ಇದೆ, ಫೋರ್ ವೀಲ್ ಡ್ರೈವ್ ಮಾದರಿ. ನೋಂದಣಿಯ ಅವಧಿ 2019ರಲ್ಲಿ ಮುಗಿದಿದ್ದು, ನವೀಕರಿಸಿಲ್ಲ. ಎಂಜಿನ್, ಗೇರ್‌ಬಾಕ್ಸ್ ಸುಸ್ಥಿತಿಯಲ್ಲಿವೆ; ಹಿಂದಿನ ಬಾಗಿಲು ಮತ್ತು ನೆಲದ ತಗಡು ತುಕ್ಕು ತಿಂದಿವೆ. ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಹೊಲದ ದಾರಿ ಎರೆ ಮಣ್ಣಿನದು. ಮಳೆ ಬಿದ್ದರೆ ಬೇರೆ ಗಾಡಿ ಒಳಗೆ ಬರುವುದಿಲ್ಲ. ಮುಂದಿನ ಸೀಟುಗಳ ಹಿಂದಿನ ಭಾಗವನ್ನು ಕತ್ತರಿಸಿ ತೊಟ್ಟಿ ಕೂಡಿಸಬೇಕೆಂದಿದ್ದೇನೆ. ಮನೆಯಲ್ಲಿ ಆರ್ಕ್ ವೆಲ್ಡಿಂಗ್ ಯಂತ್ರವೂ ಗ್ರೈಂಡರೂ ಇವೆ. ತೊಟ್ಟಿಗೆ ಎಷ್ಟು ದಪ್ಪದ ಶೀಟು ಬೇಕು? 20 ಚೀಲ ಗೊಬ್ಬರ ಹೊರುತ್ತದೆಯೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಮಾನ್ಯರೇ, ಶೀಟಿನ ದಪ್ಪಕ್ಕಿಂತ ಮೊದಲು ತಾವು ತೀರ್ಮಾನಿಸಬೇಕಾದ ವಿಷಯ ಬೇರೆಯೇ ಇದೆ. ಈ ಗಾಡಿ ಇನ್ನು ಮುಂದೆ ರಸ್ತೆಯ ವಾಹನವೋ, ಹೊಲದೊಳಗಿನ ಯಂತ್ರವೋ? ಎರಡೂ ಆಗಲು ಬರುವುದಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವ ಹಾಗೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ಏಳು ಜನ ಕೂರುವ ಖಾಸಗಿ ವಾಹನವನ್ನು ಕತ್ತರಿಸಿ ತೊಟ್ಟಿಯ ಗಾಡಿ ಮಾಡುವುದು ಇಂಥ ಮಾರ್ಪಾಡೇ ಹೊರತು ಬಣ್ಣ ಬದಲಿಸಿದಂತಲ್ಲ.

ತಮ್ಮ ಗಾಡಿಯ 15 ವರ್ಷ ಮುಗಿದಿರುವುದರಿಂದ, ಅದನ್ನು ಮತ್ತೆ ರಸ್ತೆಗಿಳಿಸಬೇಕಾದರೆ ರಾಯಚೂರು ಜಿಲ್ಲೆಯ ಸಾರಿಗೆ ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ, ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಕತ್ತರಿಸಿದ ಗಾಡಿಗೆ ಆ ನವೀಕರಣ ಸಿಗುವುದೆಂದು ನಂಬಿ ಕೂರಬೇಡಿ. ಊರಿನಿಂದ ಹೊಲದವರೆಗಿನ ಹಳ್ಳಿಯ ರಸ್ತೆಯೂ ಸಾರ್ವಜನಿಕ ಸ್ಥಳವೇ ಎಂಬುದನ್ನು ನಮ್ಮ ಕಡೆಯ ಬಹಳಷ್ಟು ಜನ ಮರೆಯುತ್ತಾರೆ. ದಿನವೂ ಊರಿಗೆ ಬಂದುಹೋಗುವ ಗಾಡಿ ಬೇಕಿದ್ದರೆ ಇದನ್ನು ಮಾರಿ, ಕಾರ್ಖಾನೆಯಿಂದಲೇ ಪಿಕಪ್ ಆಗಿ ಬಂದ ಹಳೆಯ ವಾಹನವೊಂದನ್ನು ಕೊಳ್ಳುವುದು ಲೇಸು. ಹೊಲದ ಮನೆಯಲ್ಲೇ ನಿಂತು, ಬದುವಿನಿಂದ ಬದುವಿಗೆ ಓಡಾಡಿಕೊಂಡಿರುತ್ತದೆ ಎಂದಾದರೆ ಮುಂದಿನದನ್ನು ಓದಿ. ಗಾಡಿಯನ್ನು ಬೇರೊಂದು ವಾಹನದ ಮೇಲೆ ಹೇರಿಕೊಂಡು ಹೊಲಕ್ಕೆ ಸಾಗಿಸಿದ ಮೇಲೆಯೇ ಕೆಲಸಕ್ಕೆ ಕೈ ಹಚ್ಚಿ.

ಸಫಾರಿಯ ಅನುಕೂಲವೆಂದರೆ ಅದಕ್ಕೆ ಏಣಿಯಾಕಾರದ ಪ್ರತ್ಯೇಕ ಚಾಸಿ ಇದೆ. ಎಂಜಿನ್, ಆಕ್ಸಲ್‌ಗಳ ಭಾರವನ್ನು ಹೊರುವುದು ಆ ಚಾಸಿಯೇ. ಬಾಡಿ ಅದರ ಮೇಲೆ ರಬ್ಬರ್ ಬುಷ್‌ಗಳ ಆಸರೆಯಲ್ಲಿ ಕೂತಿರುತ್ತದೆ. ಪ್ರತ್ಯೇಕ ಚಾಸಿಯಿಲ್ಲದ ಇಂದಿನ ಕಾರುಗಳನ್ನು ಹೀಗೆ ಕತ್ತರಿಸಿದರೆ ಗಾಡಿ ನಡು ಮುರಿದುಕೊಂಡಂತೆ ಬಾಗುತ್ತದೆ. ಹಾಗೆಂದು ಸಫಾರಿಯ ಬಾಡಿಗೆ ಬಲವೇ ಬೇಡವೆಂದಲ್ಲ. ಮುಂದಿನ ಬಾಗಿಲ ಹಿಂದಿನ ಕಂಬಗಳು ನೆಟ್ಟಗೆ ನಿಂತಿರುವುದೇ ಚಾವಣಿ ಮತ್ತು ಹಿಂಬದಿಯ ತಗಡು ಅವುಗಳನ್ನು ಹಿಡಿದಿರುವುದರಿಂದ. ಆ ಹಿಡಿತ ತಪ್ಪಿದ ಮರುಗಳಿಗೆಯೇ ಕಂಬಗಳು ಕೂದಲೆಳೆಯಷ್ಟು ಸರಿದು, ಬಾಗಿಲು ಹಾಕಲು ಬಾರದಂತಾಗುತ್ತದೆ. ಮನೆಯಲ್ಲಿ ಮಾಡಿದ ಪಿಕಪ್‌ಗಳಲ್ಲಿ ತೊಟ್ಟಿ ಕೆಟ್ಟದ್ದನ್ನು ನಾನು ಕಂಡಿರುವುದು ಕಡಿಮೆ. ಕ್ಯಾಬಿನ್ನಿನ ಬೆನ್ನು ಕೆಟ್ಟದ್ದೇ ಹೆಚ್ಚು.

ಆದ್ದರಿಂದ ಗ್ರೈಂಡರ್ ಹಿಡಿಯುವ ಮುನ್ನ ಎರಡೂ ಮುಂಬಾಗಿಲುಗಳ ಚೌಕಟ್ಟಿನೊಳಗೆ ಮೂಲೆಯಿಂದ ಮೂಲೆಗೆ ಕಬ್ಬಿಣದ ಆ್ಯಂಗಲ್ ಇಟ್ಟು ತಾತ್ಕಾಲಿಕವಾಗಿ ಟಾಕಿ ಹಾಕಿ, ಎಡ ಕಂಬದಿಂದ ಬಲ ಕಂಬಕ್ಕೂ ಒಂದು ಅಡ್ಡಪಟ್ಟಿ ಕೊಡಿ. ಕರ್ಣದ ಅಳತೆಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡು, ಪ್ರತಿ ಹಂತದಲ್ಲೂ ಟೇಪು ಹಿಡಿದು ತಾಳೆ ನೋಡಿ. ಚಾವಣಿಯನ್ನು ಕಂಬದ ಅಂಚಿಗೇ ಕೊಯ್ಯದೆ, ನಾಲ್ಕು ಬೆರಳು ಹಿಂದಕ್ಕೆ ಬಿಟ್ಟು ಕೊಯ್ಯಿರಿ. ಹೆಚ್ಚಾದದ್ದನ್ನು ಆಮೇಲೆ ಸವರಬಹುದು, ಕಡಿಮೆಯಾದದ್ದನ್ನು ಬೆಳೆಸಲಾಗದು. ಕೆಲವರು ಗಾಡಿಯ ಹಿಂದಿನ ಗೋಡೆಯನ್ನೇ ಗಾಜಿನ ಸಮೇತ ಬಿಚ್ಚಿ, ಮುಂದಕ್ಕೆ ತಂದು ಕ್ಯಾಬಿನ್ನಿಗೆ ಮುಚ್ಚುತ್ತಾರೆ. ಸಫಾರಿಯಲ್ಲಿ ಈ ಉಪಾಯ ನಡೆಯದು, ಏಕೆಂದರೆ ಅದರ ಚಾವಣಿ ಹಿಂಭಾಗದಲ್ಲಿ ಮೆಟ್ಟಿಲಿನಂತೆ ಎತ್ತರವಾಗಿದ್ದು, ಮುಂಭಾಗದ ಬಾಗಿಗೆ ಕೂಡಿಕೊಳ್ಳುವುದಿಲ್ಲ. 40 ಮಿ.ಮೀ. ಚೌಕ ಪೈಪಿನಲ್ಲಿ ನೆಲ, ಎರಡು ಕಂಬ, ಚಾವಣಿ ಈ ನಾಲ್ಕನ್ನೂ ಬೆಸೆಯುವ ಚೌಕಟ್ಟು ಕಟ್ಟಿ, ಅದಕ್ಕೆ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಶೀಟು ಹೊದಿಸಿ. ಮೊಟಕಾದ ಕ್ಯಾಬಿನ್ನಿನ ಹಿಂದಿನ ಅಂಚಿನ ಕೆಳಗೆ ಬುಷ್ ಇಲ್ಲವಾದರೆ ಎರಡೂ ಬದಿಗೆ ಹೊಸ ಆಸರೆ ಕೊಡಲೇಬೇಕು. ಇಲ್ಲದಿದ್ದರೆ ನೆಲ ಸಜ್ಜೆಯಂತೆ ಜೋತುಬೀಳುತ್ತದೆ. ಈ ಗೋಡೆಯಲ್ಲಿ ಸಂದು ಉಳಿದರೆ ಹೊಗೆ ಕ್ಯಾಬಿನ್ನಿಗೆ ನುಗ್ಗುತ್ತದೆಯಾದ್ದರಿಂದ, ಸೈಲೆನ್ಸರಿನ ಬಾಯಿ ತೊಟ್ಟಿಯ ಅಡಿಯಲ್ಲಿ ನಿಲ್ಲದೆ ಅದರ ಅಂಚಿನಾಚೆಗೆ ಬರಲಿ.

ತಮ್ಮ ಆರ್ಕ್ ಯಂತ್ರ ಪೈಪು, ಚಾನೆಲ್‌ಗಳಿಗೆ ಸಾಕು. ಬಾಡಿಯ ತೆಳು ತಗಡಿಗೆ ಅದನ್ನು ಮುಟ್ಟಿಸಿದರೆ ತೂತು ಬೀಳುತ್ತದೆ. ಆ ಭಾಗವನ್ನು ಗ್ಯಾರೇಜಿನವರು ‘ಸಿಓಟು’ ಎಂದು ಕರೆಯುವ ಮಿಗ್ ವೆಲ್ಡಿಂಗಿನಿಂದ, ಒಂದೇ ಸಮನೆ ಗೆರೆ ಎಳೆಯದೆ, ಅಲ್ಲಲ್ಲಿ ಚುಕ್ಕಿ ಇಟ್ಟು ತಣಿಯಲು ಬಿಡುತ್ತ ಮಾಡಿಸಬೇಕು. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ಎರಡೂ ವೈರುಗಳನ್ನು ಬಿಚ್ಚಿ, ಇಲ್ಲವಾದರೆ ಆಲ್ಟರ್‌ನೇಟರಿನ ಡಯೋಡುಗಳು ಸುಡಬಹುದು; ಡೀಸೆಲ್ ಟ್ಯಾಂಕನ್ನು ಪೂರ್ತಿ ಇಳಿಸಿ ದೂರ ಇಡಿ. ಟ್ಯಾಂಕು ಖಾಲಿಯಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಅದರೊಳಗಿನ ಆವಿಯೇ ಅಪಾಯದ್ದು. ಒದ್ದೆ ಗೋಣಿಚೀಲ, ಮರಳಿನ ಬಕೆಟ್ಟು ಪಕ್ಕದಲ್ಲಿರಲಿ.

ಇನ್ನು ತಾವು ಕೇಳಿದ ತೊಟ್ಟಿ. ಅದಕ್ಕೆ 16 ಗೇಜು, ಅಂದರೆ ಸುಮಾರು 1.6 ಮಿ.ಮೀ. ಶೀಟು ಧಾರಾಳವಾಯಿತು, ಬಲ ಬರಬೇಕಾದದ್ದು ಅಡಿಯ ಅಡ್ಡ ಚಾನೆಲ್‌ಗಳಿಂದ. ಚಾಸಿಯ ಮೇಲಂಚು, ಕೆಳಂಚುಗಳಿಗೆ ತೂತು ಕೊರೆಯಬಾರದು, ಅಡ್ಡಲಾಗಿ ವೆಲ್ಡ್ ಮಾಡಲೂಬಾರದು. ಗಾಡಿ ಬಾಗುವಾಗ ಹೆಚ್ಚಿನ ಒತ್ತಡ ಬೀಳುವುದು ಆ ಅಂಚುಗಳ ಮೇಲೆಯೇ. ಯು ಬೋಲ್ಟ್ ಹಾಕಿ, ನಡುವೆ ದಪ್ಪ ರಬ್ಬರ್ ಪಟ್ಟಿ ಇಟ್ಟು ಬಿಗಿಯಿರಿ. ಕ್ಯಾಬಿನ್ನಿಗೂ ತೊಟ್ಟಿಗೂ ಮಧ್ಯೆ ಎರಡು ಅಂಗುಲ ಬಿಡಿ, ಬದು ಹತ್ತಿಳಿಯುವಾಗ ಅವು ಒಂದಕ್ಕೊಂದು ಗುದ್ದಾಡದಿರಲಿ.

ಹೊರೆಯ ಬಗ್ಗೆ ತಮ್ಮ ಅಂದಾಜು ದುಪ್ಪಟ್ಟಿಗಿಂತಲೂ ಹೆಚ್ಚಾಗಿದೆ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50 ಕೆ.ಜಿ.; 20 ಚೀಲವೆಂದರೆ 900ರಿಂದ 1,000 ಕೆ.ಜಿ. ತಲೆಗೆ 75 ಕೆ.ಜಿ.ಯಂತೆ ಹಿಡಿದರೆ ಏಳು ಜನರ ತೂಕ 525 ಕೆ.ಜಿ. ಕತ್ತರಿಸಿ ತೆಗೆದ ಬಾಡಿಗೂ ಹೊಸದಾಗಿ ಕೂಡಿಸಿದ ತೊಟ್ಟಿಗೂ ಸರಿಹೋಯಿತೆಂದುಕೊಂಡರೆ, ತಾವು ಮತ್ತು ಒಬ್ಬ ಆಳು ಕೂತ ಮೇಲೆ ಉಳಿಯುವುದು ಎಂಟು ಚೀಲ ಯೂರಿಯಾಕ್ಕೆ ಸಾಲುವಷ್ಟು. ಸಫಾರಿಯ ಹಿಂದಿನ ಸ್ಪ್ರಿಂಗು ಸುರುಳಿಯದು, ಲಾರಿಯಂತೆ ಪಟ್ಟಾ ಅಲ್ಲ. ಗಟ್ಟಿ ಸುರುಳಿ ಹಾಕಿಸಿದರೆ ಗಾಡಿ ಹಿಂದೆ ಕುಸಿಯುವುದು ನಿಲ್ಲಬಹುದೇ ಹೊರತು, ಆಕ್ಸಲ್, ಬೇರಿಂಗ್, ಬ್ರೇಕುಗಳ ಶಕ್ತಿಯೇನೂ ಹೆಚ್ಚುವುದಿಲ್ಲ. ಚೀಲಗಳನ್ನು ಹಿಂದಿನ ಆಕ್ಸಲ್‌ಗಿಂತ ಮುಂದಕ್ಕೆ, ಕ್ಯಾಬಿನ್ನಿಗೆ ಒತ್ತಿದಂತೆ ಜೋಡಿಸಿ. ಭಾರ ಆಕ್ಸಲ್‌ನ ಹಿಂದಕ್ಕೆ ಬಿದ್ದರೆ ಮುಂದಿನ ಚಕ್ರಗಳು ಹಗುರಾಗುತ್ತವೆ, ಕೆಸರಿನಲ್ಲಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಫೋರ್ ವೀಲ್ ಡ್ರೈವ್ ಇಟ್ಟುಕೊಂಡೂ ಹೂತುಕೊಳ್ಳುವುದು ಹೀಗೆಯೇ.

ಪ್ರಶ್ನೆ: ತೊಟ್ಟಿಯ ನೆಲಕ್ಕೆ ಹಲಗೆ ಒಳ್ಳೆಯದೋ, ಚೆಕ್ಕರ್ ಪ್ಲೇಟೋ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಗೊಬ್ಬರ ಹೇರುವುದಾದರೆ ಹಲಗೆಯೇ ಮೇಲು. ಯೂರಿಯಾ ಗಾಳಿಯ ತೇವವನ್ನು ಹೀರಿಕೊಂಡು, ಚೆಲ್ಲಿದ ಕಡೆ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ. ಹಲಗೆಗಳ ನಡುವೆ ಬೆರಳು ತೂರದಷ್ಟು ಸಂದು ಬಿಟ್ಟರೆ ನೀರು ಇಳಿದುಹೋಗುತ್ತದೆ. ಕೆಟ್ಟುಹೋದ ಹಲಗೆಯೊಂದನ್ನೇ ಬದಲಿಸಲೂಬಹುದು. ಕಲ್ಲು, ಜಲ್ಲಿ ಹೊರುವವರು ಮಾತ್ರ ಚೆಕ್ಕರ್ ಪ್ಲೇಟು ಹಾಕಿಸಿ, ಮೂಲೆಗಳಲ್ಲಿ ನೀರಿನ ತೂತು ಬಿಡಲಿ. ಯಾವುದೇ ಆದರೂ, ಕತ್ತರಿಸಿದ ಅಂಚುಗಳಿಗೆ ಅದೇ ದಿನ ಸತುವಿನ ಪ್ರೈಮರ್ ಬಳಿಯಿರಿ.

ಪ್ರಶ್ನೆ: ಏನನ್ನೂ ಕತ್ತರಿಸದೆ ನಮ್ಮ ಜೀಪಿನ ಹಿಂದಿನ ಸೀಟುಗಳನ್ನು ಮಡಿಸಿ ತರಕಾರಿ ಬುಟ್ಟಿ ಒಯ್ದರೆ ತಪ್ಪೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಮಡಿಸಲು ಬರುವ ಸೀಟನ್ನು ಮಡಿಸಿ ತಮ್ಮದೇ ಮನೆಯ, ಹೊಲದ ಸಾಮಾನು ಒಯ್ಯುವುದು ಮಾರ್ಪಾಡಲ್ಲ. ಸೀಟುಗಳನ್ನು ಕಾಯಮ್ಮಾಗಿ ಕಿತ್ತರೆ ಆರ್‌ಸಿಯಲ್ಲಿನ ಆಸನಗಳ ಸಂಖ್ಯೆಗೂ ಗಾಡಿಗೂ ತಾಳೆಯಾಗುವುದಿಲ್ಲ. ಬಿಳಿ ಫಲಕದ ಖಾಸಗಿ ಗಾಡಿಯಲ್ಲಿ ಬೇರೆಯವರ ಸರಕನ್ನು ಬಾಡಿಗೆಗೆ ಸಾಗಿಸುವಂತಿಲ್ಲ. ಬುಟ್ಟಿಗಳನ್ನು ಮುಂದಿನ ಸೀಟಿನ ಬೆನ್ನಿನ ಎತ್ತರ ಮೀರದಂತೆ ಪೇರಿಸಿ, ಹಗ್ಗ ಬಿಗಿಯಿರಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಅವು ಬಂದು ಬೀಳುವುದು ಚಾಲಕನ ತಲೆಯ ಮೇಲೆ.