ಖಾಲಿಯಾದ ಜಾಗ ಅಂತೀರಲ್ಲ, ಖಾಲಿ ಮಾಡಿದ್ದು ಯಾರು?

ಈ ವಾರ ಒಂದು ಪತ್ರ ಓದಿ ಸಿಟ್ಟು ಬಂತು. ಬರೆದವರ ಮೇಲೆ ಪೂರ್ತಿ ಅಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಬರೆದವರು ಬೆಂಗಳೂರಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಹೊರಗುತ್ತಿಗೆ ಮೇಲೆ ಡಾಟಾ ಎಂಟ್ರಿ ಆಪರೇಟರ್. ಓಪಿಡಿಯಲ್ಲಿ ಎಂಆರ್‌ಐ ಸ್ಕ್ಯಾನಿಂಗ್‌ಗೆ ಡೇಟ್ ಕೊಡುವ ಕೌಂಟರ್ ಇವರದು. ಡಾಕ್ಟರು ಬರೆದ ಚೀಟಿ ತಂದವರನ್ನು ಪಟ್ಟಿಗೆ ಸೇರಿಸಬೇಕು, ಡೇಟ್ ಬರೆದುಕೊಡಬೇಕು, ಹಿಂದಿನ ದಿನ ಫೋನ್ ಮಾಡಿ ಬರುತ್ತೀರಾ ಅಂತ ಕೇಳಬೇಕು. ಈಗ ಗಂಡನ ಚಿಕ್ಕಪ್ಪನಿಗೆ ಸೊಂಟನೋವು. ಪಟ್ಟಿ ಪ್ರಕಾರ ಹೋದರೆ ಅವರ ಸರದಿ ಬರಲು ಎರಡು ತಿಂಗಳು. ‘ಒಂದು ಕ್ಲಿಕ್ ಮಾಡೋಕೆ ನಿನಗೇನು ಕಷ್ಟ’ ಅಂತ ಗಂಡ ದಿನಾ ಕೇಳುತ್ತಾರೆ. ಇವರು ಈ ಸಲ ಆಗಲ್ಲ ಅಂದಿದ್ದಕ್ಕೆ ಅತ್ತೆ ಮಾತು ಬಿಟ್ಟಿದ್ದಾರೆ. ಮನೆಯ ನೆಮ್ಮದಿ ನೋಡಲಾ, ಕೆಲಸ ನೋಡಲಾ ಅಂತ ಪ್ರಶ್ನೆ.

‘ಈ ಸಲ’ ಅನ್ನುವಲ್ಲಿ ನಾನು ನಿಂತೆ. ಹಿಂದಿನ ಸಲಗಳ ಬಗ್ಗೆ ಇವರು ಬರೆದಿರುವುದು ಮೂರೇ ಸಾಲು. ‘ನಾನು ಯಾರಿಗೂ ಅನ್ಯಾಯ ಮಾಡಿಲ್ಲ ಮೇಡಂ. ಫೋನ್ ಮಾಡಿದಾಗ ಸಿಗದವರ ಜಾಗ ಖಾಲಿಯಾಗುತ್ತೆ, ಅದನ್ನಷ್ಟೇ ನಮ್ಮವರಿಗೆ ಕೊಟ್ಟಿದ್ದೀನಿ. ಸಿಂಧನೂರು ಕಡೆಯ ಒಬ್ಬರು ಮಾತ್ರ ಚೀಟಿ ಹಿಡಿದು ಬಂದು ಗಲಾಟೆ ಮಾಡಿದರು, ಸಮಾಧಾನ ಮಾಡಿ ಬೇರೆ ಡೇಟ್ ಕೊಟ್ಟು ಕಳಿಸಿದೆ.’

ನಾಲ್ಕು ಪುಟದ ಪತ್ರದಲ್ಲಿ ಅತ್ತೆಗೇ ಒಂದು ಪುಟ ಇದೆ. ಆ ಮನುಷ್ಯನಿಗೆ ಒಂದು ಸಾಲು. ಬೇರೆ ಡೇಟ್ ಅಂದರೆ ಯಾವತ್ತಿನ ಡೇಟ್ ತಾಯಿ? ಬರೆದೇ ಇಲ್ಲ. ಆತ ರಾತ್ರಿ ಬಸ್ಸು ಹತ್ತಿ, ಕೂಲಿ ಬಿಟ್ಟು, ನೀವೇ ನಿಮ್ಮ ಕೈಯಾರೆ ಡೇಟ್ ಬರೆದುಕೊಟ್ಟ ಚೀಟಿ ಹಿಡಿದು, ಹೇಳಿದ ದಿನಕ್ಕೆ ಹೇಳಿದ ಹೊತ್ತಿಗೆ ಬಂದಿದ್ದಾರೆ. ಅದು ಹೇಗೆ ಗಲಾಟೆಯಾಯಿತು?

ಫೋನ್ ಸಿಗಲಿಲ್ಲ ಅಂದರೆ ರೋಗಿ ಬರಲ್ಲ ಅಂತ ಅರ್ಥ ಮಾಡಿಕೊಳ್ಳುವ ಚಾಳಿ ಎಲ್ಲ ಕಡೆ ಇದೆ, ನೀವೊಬ್ಬರೇ ಅಲ್ಲ. ಆದರೆ ಫೋನ್ ಯಾಕೆ ಸಿಗಲ್ಲ ಅಂತ ಒಂದು ನಿಮಿಷ ಯೋಚಿಸಿ. ಎಷ್ಟೋ ಮನೆಗಳಲ್ಲಿ ಕೊಟ್ಟ ನಂಬರ್ ಮಗನದ್ದು, ಇಲ್ಲವೇ ಪಕ್ಕದ ಮನೆಯವರದು. ರೀಚಾರ್ಜ್ ಮುಗಿದಿರುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ನೀವು ಫೋನ್ ಮಾಡಿದರೆ ಅವರು ಹೊಲದಲ್ಲಿರುತ್ತಾರೆ. ಆಸ್ಪತ್ರೆಯ ಲ್ಯಾಂಡ್‌ಲೈನ್‌ನಿಂದ ಮಾಡಿದರೆ 080 ಅಂತ ಶುರುವಾಗುವ ನಂಬರ್ ಕಾಣುತ್ತದೆ, ಲೋನ್ ಬೇಕಾ ಅಂತ ಕೇಳುವವರು ಅಂದುಕೊಂಡು ಜನ ಕಟ್ ಮಾಡುತ್ತಾರೆ. ನೀವೂ ಮಾಡುತ್ತೀರಿ, ಅಲ್ವಾ? ಇನ್ನು ಕೆಲವು ಕಡೆ ಹತ್ತು ಅಂಕಿ ತುಂಬದೆ ಸಾಫ್ಟ್‌ವೇರ್ ಮುಂದಕ್ಕೆ ಹೋಗಲ್ಲ ಅಂತ ನೋಂದಣಿ ಕೌಂಟರಿನವರೇ ಹತ್ತು ಸಲ ಒಂಬತ್ತು ಒತ್ತಿ ಕಳಿಸಿರುತ್ತಾರೆ. ಆ ನಂಬರಿಗೆ ಫೋನ್ ಮಾಡಿದರೆ ಯಾರು ಸಿಗಬೇಕು?

ಮೊಬೈಲ್‌ನಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿ ಓಪಿಡಿ ಟೋಕನ್ ತಗೊಳ್ಳುವ ವ್ಯವಸ್ಥೆ 2022ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಬರುತ್ತಿದೆ, ಒಳ್ಳೆಯದೇ. ಅದರಿಂದ ಚೀಟಿ ಮಾಡಿಸುವ ಸಾಲು ಕಡಿಮೆಯಾಗುತ್ತದೆ. ಎಂಆರ್‌ಐ ಪಟ್ಟಿ ಕಡಿಮೆಯಾಗಲ್ಲ. ಒಬ್ಬರ ಸ್ಕ್ಯಾನ್‌ಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಮಧ್ಯೆ ವಾರ್ಡಿನಿಂದ ಸ್ಟ್ರೋಕ್ ಆದವರು ಬಂದರೆ ಅವರನ್ನೇ ಮೊದಲು ತಗೊಳ್ಳಬೇಕು. ದಿನಕ್ಕೆ ಇಷ್ಟೇ ಜಾಗ ಅಂತ ಇರುವಾಗ ಒಂದು ಕ್ಲಿಕ್ ಅಂದರೆ ಒಬ್ಬ ಮನುಷ್ಯನನ್ನು ಹಿಂದಕ್ಕೆ ತಳ್ಳಿದ ಹಾಗೆಯೇ.

ಈಗ ನಿಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟು ಇರುವುದು ಇವರ ಮೇಲೆ. ಕೌಂಟರಿನಲ್ಲಿ ಕೂತವರ ನಂಬರನ್ನು ಮನೆಯವರು ಊರಿಗೆಲ್ಲ ಹಂಚಬಾರದು ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಇವರು ಹೆಂಡತಿಯ ಕೆಲಸವನ್ನು ಜೇಬಿನಲ್ಲಿಟ್ಟ ವಿಸಿಟಿಂಗ್ ಕಾರ್ಡ್ ಮಾಡಿಕೊಂಡಿದ್ದಾರೆ. ಚಿಕ್ಕಪ್ಪ ಅಂತೂ ‘ನನ್ನ ಡೇಟ್ ಬಂದಾಗ ಬರಲಿ ಬಿಡಮ್ಮ’ ಅಂದಿದ್ದಾರಂತೆ, ನೀವೇ ಬರೆದಿದ್ದೀರಿ! ನೋವಿರುವವರು ಸುಮ್ನಿದ್ದಾರೆ, ಕುಣಿಯುತ್ತಿರುವುದು ಇವರು. ಹಿಂದೆ ಡೇಟ್ ಪಡೆದ ಸ್ನೇಹಿತರು ನಿಮ್ಮ ಸೈಟಿನ ಇ-ಖಾತಾ ಬೇಗ ಮಾಡಿಸಿಕೊಟ್ಟರು ಅಂತಲೂ ಬರೆದಿದ್ದೀರಿ. ಖುಷಿಯಿಂದ ಬರೆದ ಹಾಗಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಅಂದರೆ ದುಡ್ಡೇ ಆಗಬೇಕು ಅಂತಿಲ್ಲ, 2018ರ ತಿದ್ದುಪಡಿ ಆದಮೇಲೆ ಕೊಟ್ಟವರೂ ಸಿಕ್ಕಿಬೀಳುತ್ತಾರೆ. ದೂರು ಎದ್ದರೆ ಏಜೆನ್ಸಿಯವರು ಮೊದಲು ಮನೆಗೆ ಕಳಿಸುವುದು ಹೊರಗುತ್ತಿಗೆಯವರನ್ನು. ಆಗ ಇವರು ‘ನಾನೇನು ಹೇಳಿದ್ನಾ’ ಅನ್ನುತ್ತಾರೆ. ಬೇಕಾದರೆ ಬರೆದಿಟ್ಟುಕೊಳ್ಳಿ.

ಸಿಂಧನೂರಿನವರ ಜಾಗಕ್ಕೆ ಬಂದ ಆ ಸ್ನೇಹಿತರ ಸ್ಕ್ಯಾನ್ ಕೂಡ ಆ ದಿನ ಆಗಲಿಲ್ಲವಂತೆ. ಆಗುವುದಾದರೂ ಹೇಗೆ? ಇಂಜೆಕ್ಷನ್ ಕೊಟ್ಟು ಮಾಡುವ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಕಿಡ್ನಿ ಸರಿಯಿದೆಯಾ ಅಂತ ನೋಡಲು ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ, ಮೈಯಲ್ಲಿ ಪೇಸ್‌ಮೇಕರ್, ರಾಡು ಇದೆಯಾ ಅಂತ ಮೊದಲೇ ವಿಚಾರಿಸಬೇಕು. ರಾತ್ರಿ ಫೋನ್ ಮಾಡಿ ಬೆಳಗ್ಗೆ ಬಾ ಅಂದರೆ ಹೀಗೇ ಆಗುವುದು. ಸಿಂಧನೂರಿನವರಿಗೂ ಇಲ್ಲ, ಇವರಿಗೂ ಇಲ್ಲ, ಮೆಷಿನ್ ಖಾಲಿ.

ಅತ್ತೆ ಮಾತು ಬಿಟ್ಟರೆ ಬಿಡಲಿ. ಹಬ್ಬ ಬಂದರೆ ತಾನಾಗಿ ಮಾತಾಡುತ್ತಾರೆ.

ನೀವು ಮಾಡಬೇಕಾದ್ದು ಒಂದೇ. ಖಾಲಿಯಾದ ಜಾಗ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗಬೇಕು, ಬೇರೆ ಯಾರಿಗೂ ಅಲ್ಲ. ಖಾಲಿ ಅಂತ ಬರೆಯುವ ಮೊದಲು ಎರಡು ದಿನ ಮುಂಚೆಯೇ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಫೋನ್ ಮಾಡಿ, ಮಾಡಿದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಆಮೇಲೂ ಚೀಟಿ ಹಿಡಿದು ಬಂದವರಿದ್ದರೆ ಅವತ್ತೇ ಕೂರಿಸಿಕೊಳ್ಳಿ. ಇದನ್ನೇ ಒಂದು ಹಾಳೆಯಲ್ಲಿ ಬರೆದು ಆರ್‌ಎಂಒ (ಆಸ್ಪತ್ರೆಯ ನಿವಾಸಿ ವೈದ್ಯಾಧಿಕಾರಿ) ಸಹಿ ಹಾಕಿಸಿ ಕೌಂಟರಿಗೆ ಅಂಟಿಸಿ. ಒಬ್ಬರೇ ನಿಂತು ಇಲ್ಲ ಅನ್ನುವುದು ಕಷ್ಟ, ನನಗೆ ಗೊತ್ತು. ಅಂಟಿಸಿದ ಹಾಳೆ ತೋರಿಸಿ ಇಲ್ಲ ಅನ್ನುವುದು ಅಷ್ಟು ಕಷ್ಟ ಅಲ್ಲ. ಯಜಮಾನರಿಗೂ ಅದರ ಫೋಟೋ ಕಳಿಸಿ.

ಯಾರು ಅರ್ಜೆಂಟ್ ಅಂತ ನಿರ್ಧರಿಸುವವರು ಡಾಕ್ಟರು. ಚಿಕ್ಕಪ್ಪನಿಗೆ ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಇಲ್ಲವೇ ಹಿಡಿತ ತಪ್ಪಿದರೆ ಡೇಟ್ ಕಾಯುವ ಮಾತೇ ಇಲ್ಲ, ಆ ಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಪಟ್ಟಿಯಲ್ಲಿ ಮೇಲೆ ಹಾಕಿ ಅಂತ ಅಲ್ಲಿನ ಡಾಕ್ಟರೇ ಬರೆಯುತ್ತಾರೆ. ಅದೇನೂ ಇಲ್ಲದಿದ್ದರೆ ಅವರೇ ಹೇಳಿದ ಹಾಗೆ, ಡೇಟ್ ಬಂದಾಗ ಬರುತ್ತದೆ.

ನಾಳೆ ಕೌಂಟರ್ ತೆರೆದ ಕೂಡಲೇ ಸಿಂಧನೂರಿನವರ ಫೈಲ್ ತೆಗೆಯಿರಿ. ಮುಂದೆ ಖಾಲಿಯಾಗುವ ಮೊದಲ ಜಾಗ ಅವರದು, ಯಾಕೆ ಅಂತ ಆರ್‌ಎಂಒಗೆ ನೀವೇ ಹೇಳಿ. ಬೆಳಗ್ಗೆ ಸಿಗದಿದ್ದರೆ ಸಂಜೆ ಆರರ ಮೇಲೆ ಮಾಡಿ. ಎತ್ತಿದ ತಕ್ಷಣ ಆಸ್ಪತ್ರೆಯಿಂದ ಅಂತ ಹೇಳಿ, ಇಲ್ಲದಿದ್ದರೆ ಇಟ್ಟುಬಿಡುತ್ತಾರೆ.