ಕಲ್ಲಿಗೆ ನಾಟಿದ ಬಾಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ (ಗೋಣಿಕೊಪ್ಪ): ಚೀನಾದ ಸೇನಾಪತಿ ಲಿ ಗ್ವಾಂಗ್ ಹುಲಿಯೆಂದು ತಿಳಿದು ಬಂಡೆಗೆ ಬಿಟ್ಟ ಬಾಣ ಗರಿಯವರೆಗೂ ಒಳಗೆ ಹೋಯಿತಂತೆ. ನಮ್ಮ ಕಗ್ಗಲ್ಲಿಗೆ ಹೊಡೆದರೆ ಕೋವಿಯ ಗುಂಡೇ ಚಪ್ಪಟೆಯಾಗುತ್ತದೆ. ನಂಬುವುದು ಹೇಗೆ?

ಉತ್ತರ: ನಂಬಬೇಕಾಗಿಲ್ಲ. ಮೊದಲು ಬರೆದಿಟ್ಟವನೂ ಅಷ್ಟೊಂದು ಹೇಳಿರಲಿಲ್ಲ. ಲಿ ಗ್ವಾಂಗ್ ಹಾನ್ ವಂಶದ ಕಾಲದವನು, ಸತ್ತದ್ದು ಕ್ರಿ.ಪೂ. 119ರಲ್ಲಿ. ಅವನ ಚರಿತ್ರೆ ಬರೆದ ಸಿಮಾ ಚಿಯೆನ್ ಅವನನ್ನು ಕಣ್ಣಾರೆ ಕಂಡವನು. ಅವನ ‘ಶಿಜಿ’ ಗ್ರಂಥದಲ್ಲಿರುವುದು ಇಷ್ಟೇ: ಬೇಟೆಗೆ ಹೋದಾಗ ಹುಲ್ಲಿನ ನಡುವೆ ಇದ್ದ ಕಲ್ಲನ್ನು ಹುಲಿ ಅಂದುಕೊಂಡು ಹೊಡೆದ, ಬಾಣದ ಅಲಗು ಹುದುಗಿತು, ಹೋಗಿ ನೋಡಿದರೆ ಕಲ್ಲು. ಮತ್ತೆ ಮತ್ತೆ ಹೊಡೆದ, ನಾಟಲಿಲ್ಲ. ಸುಮಾರು ಇನ್ನೂರು ವರ್ಷ ಕಳೆದ ಮೇಲೆ ಬಾನ್ ಗು ಬರೆದ ‘ಹಾನ್‌ಶು’ವಿನಲ್ಲಿ ಅಲಗಿನ ಜಾಗಕ್ಕೆ ‘ಬಾಣ’ ಬಂತು. 8ನೇ ಶತಮಾನದ ಕವಿ ಲು ಲುನ್ ಹೊತ್ತಿಗೆ, ಬೆಳಗಾಗೆದ್ದು ಹುಡುಕಿದರೆ ಬಿಳಿಯ ಗರಿಯೇ ಕಲ್ಲಿನ ಅಂಚಿನೊಳಗೆ ಸೇರಿಹೋಗಿತ್ತು. ಬಾಣ ಒಳಗಿಳಿದದ್ದು ಕಲ್ಲಿನಲ್ಲಲ್ಲ, ಪುಸ್ತಕದಿಂದ ಪುಸ್ತಕಕ್ಕೆ.

ಲೆಕ್ಕ ಹಾಕಿ ನೋಡಿ. 50 ಗ್ರಾಂ ತೂಕದ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 62 ಜೂಲ್. ತೆಂಗಿನಕಾಯಿಗೆ ಹೊಡೆಯುವ ಪಾಯಿಂಟ್ ಟೂ ಟೂ ರೈಫಲಿನ ಗುಂಡಿಗೇ ಸುಮಾರು 140 ಜೂಲ್ ಇರುತ್ತದೆ. ಗಟ್ಟಿ ಕಲ್ಲಿಗೆ ತಾಗಿದ ಕಂಚಿನ ಅಲಗು ಮೊಂಡಾಗುತ್ತದೆ, ಅದರ ಹಿಂದೆಯೇ ಕೋಲು ಸಿಗಿಯುತ್ತದೆ. ಆದರೆ ಬಿಸಿಲು ಮಳೆಗೆ ಮೇಲ್ಪದರ ಪುಡಿಯಾದ ಕಲ್ಲಿನಲ್ಲೋ ಬಿರುಕಿನಲ್ಲೋ ಅಲಗು ಸಿಕ್ಕಿಕೊಳ್ಳುವುದು ಸಾಧ್ಯ. ಎರಡನೆಯ ಬಾಣ ಅದೇ ಬಿರುಕಿಗೆ ಬೀಳುವುದಿಲ್ಲ. ‘ಮತ್ತೆ ನಾಟಲಿಲ್ಲ’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಚೀನಾದಲ್ಲೂ ಎಲ್ಲರೂ ತಲೆಯಾಡಿಸಿದವರಲ್ಲ. ಕ್ರಿ.ಶ. 1ನೇ ಶತಮಾನದ ವಾಂಗ್ ಚೋಂಗ್ ಎಂಬ ತರ್ಕಿ ಕೇಳಿದ್ದು ಹೀಗೆ: ಗಾಡಿಯ ಮೇಲೆ ಹೂಡಿದ ಹತ್ತು ‘ಶಿ’ ಬಲದ ಅಡ್ಡಬಿಲ್ಲಿನಿಂದ (ಕ್ರಾಸ್‌ಬೋ) ಹೊಡೆದರೂ ಕಲ್ಲಿನಲ್ಲಿ ಒಂದು ಅಂಗುಲ ಇಳಿಯುವುದು ಕಷ್ಟ, ಬಾಣ ಮೂರು ತುಂಡಾಗುತ್ತದೆ, ಒಬ್ಬನ ತೋಳಿನ ಬಲಕ್ಕೆ ಅದು ಎಲ್ಲಿಂದ ಸಾಧ್ಯ? ಒಂದು ಶಿ ಅಂದರೆ ಹೆಚ್ಚುಕಡಿಮೆ 30 ಕಿಲೋ. ಹತ್ತಕ್ಕೆ 300 ಆಯಿತು. ಇನ್ನೊಂದು ವಿಷಯ, ಇದೇ ಕಥೆ ಲಿ ಗ್ವಾಂಗನಿಗಿಂತ ಹಿಂದೆಯೇ ಚೂ ರಾಜ್ಯದ ಶಿಯೋಂಗ್ ಚೂಜಿ ಎಂಬವನ ಹೆಸರಿನಲ್ಲಿ ಓಡಾಡುತ್ತಿತ್ತು. ಕಲ್ಲು ಅದೇ, ಹುಲಿ ಅದೇ, ಬಿಲ್ಲುಗಾರ ಮಾತ್ರ ಬೇರೆ.

ಪ್ರಶ್ನೆ (ವಿರಾಜಪೇಟೆ): ಕಲ್ಲಿನ ಕಥೆ ಬಿಟ್ಟರೆ ಅವನ ಹೆಚ್ಚುಗಾರಿಕೆ ಏನು ಉಳಿಯಿತು?

ಉತ್ತರ: ಉಳಿದದ್ದೇ ಹೆಚ್ಚು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟವರಿಗೆ ಇದು ಬೇಗ ಅರ್ಥವಾದೀತು.

ಸಿಮಾ ಚಿಯೆನ್ ಪ್ರಕಾರ ಅವನು ಎತ್ತರದ ಆಳು, ಕೋತಿಯಂಥ ಉದ್ದ ತೋಳು. ನೋಡಲು ಹಳ್ಳಿಗನಂತೆ, ಮಾತು ಕಡಿಮೆ. ಬಿಡುವಿದ್ದಾಗ ನೆಲದ ಮೇಲೆ ವ್ಯೂಹದ ಗೆರೆ ಎಳೆದು ಬಾಣ ಬಿಡುವುದು, ಸೋತವರಿಗೆ ಕುಡಿಸುವುದು, ಅದೇ ಅವನ ಆಟ. ಶತ್ರು ಕೆಲವು ಹತ್ತು ಹೆಜ್ಜೆಯೊಳಗೆ ಬರುವವರೆಗೆ ಅವನು ಬಾಣ ಬಿಡುತ್ತಿರಲಿಲ್ಲ. ತಾಗುವುದಿಲ್ಲ ಅನ್ನಿಸಿದರೆ ಬಿಡುತ್ತಲೇ ಇರಲಿಲ್ಲ. ಬಿಟ್ಟರೆ ಹೆದೆಯ ಸದ್ದಿನ ಜೊತೆಗೇ ಆಳು ಉರುಳುತ್ತಿದ್ದ.

ಈ ತಡೆಯುವಿಕೆಯ ಬೆಲೆ ಅಂಕಿಯಲ್ಲಿ ಕಾಣುತ್ತದೆ. ಚೀನಾದ ಒಂದು ‘ಬು’ ನಮ್ಮ ಎರಡು ಹೆಜ್ಜೆಗೆ ಸಮ, ಸುಮಾರು 1.38 ಮೀಟರ್. ನೂರು ಬು ಅಂದರೆ 138 ಮೀಟರ್. ಮೇಲೆ ಹೇಳಿದ ಬಾಣವನ್ನೇ ಅಷ್ಟು ದೂರಕ್ಕೆ ಬಿಡಬೇಕಾದರೆ ಬಿಲ್ಲನ್ನು 16 ಡಿಗ್ರಿ ಮೇಲಕ್ಕೆತ್ತಬೇಕು. ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೂ ಬಾಣ 10 ಮೀಟರ್ ಎತ್ತರಕ್ಕೆ ಏರಿ ಇಳಿಯುತ್ತದೆ, ಹತ್ತಿರ ಹತ್ತಿರ ಮೂರು ಸೆಕೆಂಡ್ ಬೇಕು. ದೂರದ ಅಂದಾಜು ಐದು ಮೀಟರ್ ತಪ್ಪಿದರೆ ಬಾಣ ಒಂದೂವರೆ ಮೀಟರ್ ಮೇಲೋ ಕೆಳಗೋ ಹೋಗುತ್ತದೆ, ಅಂದರೆ ಆಳಿನ ತಲೆ ಮೇಲೆ ಅಥವಾ ಕಾಲ ಬುಡಕ್ಕೆ. 30 ಬು, ಅಂದರೆ 41 ಮೀಟರಿನಲ್ಲಿ? ಐದು ಡಿಗ್ರಿಗೂ ಕಡಿಮೆ ಎತ್ತಿದರೆ ಸಾಕು, ಒಂದು ಸೆಕೆಂಡಿನೊಳಗೆ ಬಾಣ ತಲುಪುತ್ತದೆ. ಅದೇ ಐದು ಮೀಟರ್ ತಪ್ಪಿಗೆ ಇಲ್ಲಿ ವ್ಯತ್ಯಾಸ ಬರೀ 40 ಸೆಂಟಿಮೀಟರ್. ಎದೆಗಿಟ್ಟ ಗುರಿ ಹೊಟ್ಟೆಗೆ ತಾಗುತ್ತದೆ, ತಪ್ಪುವುದಿಲ್ಲ. ಓಡುವ ಕುದುರೆಯ ಮೇಲಿನವನಿಗೆ ಗುರಿಯಿಡುವಾಗಲಂತೂ ಈ ಎರಡು ಸೆಕೆಂಡಿನ ಉಳಿತಾಯವೇ ಎಲ್ಲಾ.

ಇದಕ್ಕೆ ತೆರಬೇಕಾದ ದಂಡವನ್ನೂ ಸಿಮಾ ಚಿಯೆನ್ ಮುಚ್ಚಿಟ್ಟಿಲ್ಲ. ಅಷ್ಟು ಹತ್ತಿರ ಬಿಟ್ಟುಕೊಂಡದ್ದರಿಂದಲೇ ಅವನ ದಂಡು ಹಲವು ಸಲ ಇಕ್ಕಟ್ಟಿಗೆ ಸಿಕ್ಕಿತು. ಯೂಬೇಪಿಂಗ್ ಎಂಬಲ್ಲಿ ಹುಲಿಯೊಂದು ಮೇಲೆ ಹಾರಿ ಅವನನ್ನು ಗಾಯಗೊಳಿಸಿತು. ಅದನ್ನು ಅವನು ಕೊಂದದ್ದೂ ನಿಜ. (ಕೊಡವ ತಕ್ಕಿನಲ್ಲಿ ನರಿ ಅಂದರೆ ಹುಲಿ. ಈ ಕಡೆ ಹುಟ್ಟಿದ್ದರೆ, ಹುಲಿ ಕೊಂದವನಿಗೆ ಮದುವೆಯಂತೆ ಮಾಡುವ ಸನ್ಮಾನವಾದ ನರಿಮಂಗಲ ಮಾಡಿಸಿಕೊಳ್ಳಬಹುದಿತ್ತು.)

ಇನ್ನೊಂದು ಪ್ರಸಂಗ ಅವನ ಸಾವಿಗೆ ಒಂದೆರಡು ವರ್ಷ ಮೊದಲಿನದು. 4,000 ಸವಾರರ ಜೊತೆ ಹೊರಟವನನ್ನು ಶಿಯೋಂಗ್ನು ಅಲೆಮಾರಿಗಳ 40,000 ಸವಾರರು ಸುತ್ತುವರಿದರು. ಬಾಣಗಳು ಮುಗಿಯುತ್ತಾ ಬಂದಾಗ ಅವನು ಸೈನಿಕರಿಗೆ ಹೇಳಿದ್ದು: ಪೂರ್ತಿ ಎಳೆದು ಹಿಡಿಯಿರಿ, ಬಿಡಬೇಡಿ. ತಾನು ಮಾತ್ರ ‘ದೊಡ್ಡ ಹಳದಿ’ ಎಂಬ ಅಡ್ಡಬಿಲ್ಲು ಹಿಡಿದು ಎದುರಾಳಿಯ ಉಪನಾಯಕರನ್ನೇ ಆರಿಸಿ ಹಲವರನ್ನು ಕೆಡವಿದ. ಅಡ್ಡಬಿಲ್ಲಿಗೆ ಕೋವಿಯಂತೆ ಕುದುರೆ (ಟ್ರಿಗರ್) ಇರುತ್ತದೆ. ಹೆದೆ ಕೊಂಡಿಗೆ ಸಿಕ್ಕಿರುವುದರಿಂದ ಎಷ್ಟು ಹೊತ್ತಾದರೂ ಎಳೆದ ಸ್ಥಿತಿಯಲ್ಲೇ ಗುರಿ ಹಿಡಿಯಬಹುದು. ಕೈಬಿಲ್ಲಿನಲ್ಲಿ ಕೆಲವೇ ಸೆಕೆಂಡಿಗೆ ತೋಳು ನಡುಗಲು ಶುರು.

ಪ್ರಶ್ನೆ (ಸೋಮವಾರಪೇಟೆ): ನೂರು ಹೆಜ್ಜೆ ದೂರದ ವಿಲೋ ಎಲೆಗೆ ನೂರಕ್ಕೆ ನೂರು ಬಾಣ ತಾಗಿಸಿದವನೂ ಇವನೇ ಅಲ್ಲವೇ?

ಉತ್ತರ: ಅಲ್ಲ. ಅವನು ಚೂ ರಾಜ್ಯದ ಯಾಂಗ್ ಯೂಜಿ, ಲಿ ಗ್ವಾಂಗನಿಗಿಂತ ನಾಲ್ಕು ಶತಮಾನಕ್ಕೂ ಹಿಂದಿನವನು. ಕ್ರಿ.ಪೂ. 575ರ ಯುದ್ಧದಲ್ಲಿ ತನ್ನ ಕಣ್ಣಿಗೆ ಬಾಣ ಹೊಡೆದವನನ್ನು ಕೊಲ್ಲಲು ಚೂ ಅರಸ ಯೂಜಿಯ ಕೈಗೆ ಎರಡು ಬಾಣ ಕೊಟ್ಟ. ಒಂದರಲ್ಲೇ ಕೆಲಸ ಮುಗಿಸಿ ಇನ್ನೊಂದನ್ನು ಹಿಂದಕ್ಕೊಪ್ಪಿಸಿದನಂತೆ.

ಎಲೆಯ ವಿಷಯಕ್ಕೆ ಬಂದರೆ, ಒಲಿಂಪಿಕ್ಸಿನ ದೂರವೇ 70 ಮೀಟರ್, ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್ ಅಗಲ. ಕಥೆಯ ನೂರು ಹೆಜ್ಜೆ ಅಂದರೆ ನೂರು ಬು, 138 ಮೀಟರ್. ಅಷ್ಟು ದೂರದಲ್ಲಿ ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಸುಮಾರು ನಾಲ್ಕು ಸೆಂಟಿಮೀಟರ್ ಅಂತರವನ್ನು. ವಿಲೋ ಎಲೆಯ ಅಗಲ ಅದರ ಅರ್ಧವೂ ಇರುವುದಿಲ್ಲ, ಕೊಂಬೆಯಲ್ಲಿ ಇದೇ ಎಲೆ ಎಂದು ಗುರುತಿಸುವುದೇ ಆಗದ ಮಾತು. ವಾಂಗ್ ಚೋಂಗ್ ಇಲ್ಲೂ ಒಂದು ಕೊಕ್ಕೆ ಹಾಕಿದ್ದಾನೆ: ಒಂದೆರಡು ಸಲ ತಾಗಿದ ಎಲೆ ಹರಿದು ಚಿಂದಿಯಾಗುತ್ತದೆ, ಮೂರನೆಯ ಬಾಣಕ್ಕೆ ಎಲೆ ಎಲ್ಲಿ? ಎಲೆಗೆ ಹೊಡೆದ ಅನ್ನಿ, ಒಪ್ಪುತ್ತೇನೆ. ನೂರಕ್ಕೆ ನೂರು ಅನ್ನುವುದು ಸೇರಿಸಿದ್ದು, ಎಂದು ಅವನ ತೀರ್ಪು.

ಪ್ರಶ್ನೆ (ನಾಪೋಕ್ಲು): ಆ ಕಾಲದ ಕೊಂಬಿನ ಬಿಲ್ಲು ಮಾಡಿಸಿದರೆ ನಮ್ಮ ಮಳೆಗೆ ಬಾಳುತ್ತದೆಯೇ?

ಉತ್ತರ: ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ಊರಿಗೆ ಅದು ಹೇಳಿ ಮಾಡಿಸಿದ ಬಿಲ್ಲಲ್ಲ. ಅದಕ್ಕೆ ಆರು ಸಾಮಗ್ರಿ: ಮರ, ಕೊಂಬು, ನರ (ಸ್ನಾಯುವಿನ ಗಟ್ಟಿ ನಾರು), ಅಂಟು, ರೇಷ್ಮೆ, ಅರಗಿನಂಥ ಮೆರುಗು. ಬಿಲ್ಲುಗಾರನ ಕಡೆಗಿರುವ ಹೊಟ್ಟೆಗೆ ಕೊಂಬಿನ ಪಟ್ಟಿ, ಒತ್ತಡ ತಾಳುವುದು ಅದು. ಆಚೆ ಬೆನ್ನಿಗೆ ಪ್ರಾಣಿಯ ನರದ ಎಳೆ, ಎಳೆತ ತಾಳುವುದು ಅದು. ನಡುವಿನ ಮರ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಕೈಪಿಡಿಯ ಕ್ರಮದಲ್ಲಿ ಚಳಿಗಾಲದಲ್ಲಿ ಮರ ಸೀಳಬೇಕು, ವಸಂತದಲ್ಲಿ ಕೊಂಬು ನೆನೆಸಬೇಕು, ಬೇಸಿಗೆಯಲ್ಲಿ ನರ ಹದಮಾಡಬೇಕು, ಶರತ್ಕಾಲದಲ್ಲಿ ಮೂರನ್ನೂ ಸೇರಿಸಬೇಕು. ಆತುರಕ್ಕೆ ಜಾಗವಿಲ್ಲ.

ಕೆಡುವುದು ಅಂಟಿನಿಂದ. ಚರ್ಮ, ಮೀನಿನ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ನರ ಸಡಿಲವಾಗುತ್ತದೆ, ಬಿಲ್ಲಿನ ಬಲ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಎಳೆದರೆ ಕೊಂಬು ಮರದಿಂದ ಬಿಡುತ್ತದೆ ಇಲ್ಲವೇ ಬಿಲ್ಲಿನ ತೋಳು ತಿರುಚಿಕೊಳ್ಳುತ್ತದೆ. ಕೊರಿಯಾದಲ್ಲಿ ಈಗಲೂ ಇಂಥ ಬಿಲ್ಲನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹಾಗೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಅತಿ ಬಿಸಿಗೆ ಅಂಟು ಸೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಆಸೆ ಇದ್ದರೆ ಫೈಬರ್ ಗ್ಲಾಸಿನ ಬಿಲ್ಲೇ ಸರಿ.

ಪ್ರಶ್ನೆ (ಕುಶಾಲನಗರ): ಹನ್ನೆರಡರ ಹುಡುಗನಿಗೆ ಚೀನೀ ರೀತಿ ಹೆಬ್ಬೆರಳಿನಲ್ಲಿ ಎಳೆಯುವುದನ್ನು ಕಲಿಸಬಹುದೇ?

ಉತ್ತರ: ಕಲಿಸಬಹುದು, ಎಳೆಯಲು 15ರಿಂದ 20 ಪೌಂಡ್ ಬಲ ಬೇಕಾಗುವ ಬಿಲ್ಲಿನಲ್ಲಿ. ಹೆಬ್ಬೆರಳು ಹೆದೆಯನ್ನು ಕೊಕ್ಕೆಯಂತೆ ಹಿಡಿಯಬೇಕು, ತೋರುಬೆರಳು ಅದರ ಉಗುರಿನ ಮೇಲೆ ಬೀಗದಂತೆ ಕೂರಬೇಕು. ಬಲಗೈಯಲ್ಲಿ ಎಳೆಯುವವನಿಗೆ ಬಾಣ ಬಿಲ್ಲಿನ ಬಲಕ್ಕಿರಬೇಕು. ಎಳೆಯುವ ಕೈಯ ತಿರುಚು ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿಯುತ್ತದೆ, ಎಡಕ್ಕಿಟ್ಟರೆ ಎಳೆಯುವಾಗಲೇ ಬೀಳುತ್ತದೆ. ಹೆಬ್ಬೆರಳಿಗೆ ಚರ್ಮದ ಉಂಗುರ ಬೇಕೇ ಬೇಕು. ಚೀನಾದಲ್ಲಿ ಈ ಉಂಗುರ ಎಷ್ಟು ಹಳೆಯದೆಂದರೆ, 1976ರಲ್ಲಿ ಅಗೆದ ಫು ಹಾವೋ ರಾಣಿಯ ಗೋರಿಯಲ್ಲಿ ಜೇಡ್ ಕಲ್ಲಿನದ್ದು ಸಿಕ್ಕಿದೆ, ಆ ಗೋರಿ ಕ್ರಿ.ಪೂ. 1200ರ ಸುಮಾರಿನದು.

ಎರಡು ತಪ್ಪು ಆಗಲೇ ಬಾರದು. ಬಾಣವಿಲ್ಲದೆ ಎಳೆದು ಬಿಡುವುದು ಒಂದು. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ಬಿಲ್ಲಿಗೇ ಮರಳಿ ಅದರ ತೋಳು ಸಿಡಿಯುತ್ತದೆ. ಇನ್ನೊಂದು, ಹುಡುಗ ಎಳೆಯುವ ಉದ್ದಕ್ಕಿಂತ ಗಿಡ್ಡ ಬಾಣ. ಅದು ಬಿಲ್ಲಿನ ಹಿಂದಕ್ಕೆ ಜಾರಿ ಹಿಡಿದ ಕೈಗೇ ಹೊಗುತ್ತದೆ. ಮೊದಲ ತಿಂಗಳು ಹತ್ತು ಮೀಟರ್ ದಾಟಿಸಬೇಡಿ, ಗುರಿಯ ಹಿಂದೆ ಮಣ್ಣಿನ ಬರೆ ಇರಲಿ. ಕಾಡುಪ್ರಾಣಿಗೆ ಗುರಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ, ಬಿಲ್ಲಾದರೂ ಅಷ್ಟೇ.

ಪ್ರಶ್ನೆ (ಪೊನ್ನಂಪೇಟೆ): ಗಂಡುಮಗು ಹುಟ್ಟಿದಾಗ ಬಿಲ್ಲು ಹಿಡಿಸುವ ನಮ್ಮ ಪದ್ಧತಿ ಚೀನಾದಲ್ಲೂ ಇತ್ತೆಂದು ಕೇಳಿದೆ. ಹೌದೇ?

ಉತ್ತರ: ಹೋಲುವಂಥದ್ದು ಇತ್ತು. ಕೊಡವರಲ್ಲಿ ಹರಳು ಗಿಡದ ಕಡ್ಡಿಯ ಪುಟ್ಟ ಬಿಲ್ಲು, ಅದೇ ಗಿಡದ ಎಲೆಯ ತೊಟ್ಟಿನ ಬಾಣ ಮಾಡಿ ಕೂಸಿನ ಕೈಗಿಟ್ಟು, ಅಂಗಳದಲ್ಲಿ ಕೋವಿ ಹಾರಿಸುತ್ತಿದ್ದರು. ಚೀನಾದ ಹಳೆಯ ವಿಧಿಯಲ್ಲಿ ಗಂಡು ಹುಟ್ಟಿದರೆ ಬಾಗಿಲಿನ ಎಡಕ್ಕೆ ಬಿಲ್ಲು, ಹೆಣ್ಣಾದರೆ ಬಲಕ್ಕೆ ಕರವಸ್ತ್ರ ತೂಗುಹಾಕುತ್ತಿದ್ದರು. ಅರಸನ ಮಗನಾದರೆ ಮೂರನೆಯ ದಿನ ಹಿಪ್ಪುನೇರಳೆ ಮರದ ಬಿಲ್ಲಿನಿಂದ ಆರು ಬಾಣ: ಆಕಾಶಕ್ಕೊಂದು, ಭೂಮಿಗೊಂದು, ನಾಲ್ಕು ದಿಕ್ಕಿಗೆ ನಾಲ್ಕು. ಬಾಣಗಳೂ ಕಾಡುಗಿಡದ ಕಡ್ಡಿಯವೇ. ಆದರೆ ಅಲ್ಲಿ ಬಿಲ್ಲು ಮಗುವಿನ ಕೈಗೆ ಬರುತ್ತಿರಲಿಲ್ಲ, ಅದರ ಪರವಾಗಿ ಬಾಣ ಬಿಡಲು ಆಸ್ಥಾನದ ಬಿಲ್ಲುಗಾರನಿದ್ದ.