ಅಮೆರಿಕದ ಟಿವಿ ಸರಣಿ ‘ದಿ ವೈರ್’ನ ಮೊದಲ ಸೀಸನ್‌ನ ಕೊನೆಯಲ್ಲಿ ಯಾರೂ ಗೆಲ್ಲುವುದಿಲ್ಲ. ಆದರೂ ಅದು ಯಾಕೆ ಅಷ್ಟು ತೃಪ್ತಿ ಕೊಡುತ್ತದೆ?

ಅಲ್ಲಿ ಆಗುವುದೆಲ್ಲ ಹಾಗೇ ಆಗಬೇಕಿತ್ತು ಅನಿಸುತ್ತದೆ, ಅದಕ್ಕೆ. (ಇನ್ನೂ ನೋಡದವರು ಇಲ್ಲೇ ನಿಲ್ಲಿಸಿಬಿಡಿ!)

2002ರ ಈ ಸೀಸನ್‌ನಲ್ಲಿ 13 ಕಂತುಗಳು. ಬಾಲ್ಟಿಮೋರ್ ಪೊಲೀಸರು ಒಂದು ಡ್ರಗ್ಸ್ ಗ್ಯಾಂಗಿನ ಫೋನ್ ಕದ್ದಾಲಿಸುತ್ತಾರೆ. ಇಷ್ಟೆಲ್ಲ ಹೆಣಗಾಡಿ ಸಿಕ್ಕಿದ್ದೇನು? ಗ್ಯಾಂಗಿನ ಯಜಮಾನ ಏವನ್‌ಗೆ 7 ವರ್ಷ ಜೈಲು. ಅವನ ಕೈಕೆಳಗಿದ್ದ ಸೋದರಳಿಯ ಡಿಆಂಜೆಲೊಗೆ 20 ವರ್ಷ! ಬಲಗೈ ಬಂಟ ಸ್ಟ್ರಿಂಗರ್ ಬೆಲ್ ಆರಾಮಾಗಿ ಹೊರಗಿದ್ದಾನೆ, ದಂಧೆ ನಡೆಯುತ್ತಲೇ ಇದೆ.

ಡಿಆಂಜೆಲೊನ ಭಾಗವೇ ನನಗೆ ಜಾಸ್ತಿ ಕಾಡಿದ್ದು. ಅವನು ಎಲ್ಲ ಬಾಯಿಬಿಡಲು ತಯಾರಾಗಿರುತ್ತಾನೆ. ಹೊಸದಾಗಿ ಬದುಕು ಶುರು ಮಾಡುವ ಆಸೆ ಅವನದು. ಆಮೇಲೆ ಅಮ್ಮ ಬಂದು ಮನೆತನದ ಮಾತೆತ್ತುತ್ತಾಳೆ. ಅಲ್ಲಿಗೆ ಮುಗಿಯಿತು. ಗುಂಡಿಲ್ಲ, ಚೇಸಿಂಗ್ ಇಲ್ಲ, ಸುಮ್ನೆ ಒಂದು ಮಾತುಕತೆ.

ಇದನ್ನು ಬರೆದ ಡೇವಿಡ್ ಸೈಮನ್ ಅದೇ ಊರಿನ ಪತ್ರಿಕೆಯಲ್ಲಿ ಕ್ರೈಂ ವರದಿಗಾರ, ಜೊತೆಗಾರ ಎಡ್ ಬರ್ನ್ಸ್ ಅಲ್ಲಿನ ಪೊಲೀಸ್ ಡಿಟೆಕ್ಟಿವ್ ಆಗಿದ್ದವರು. ಕೋರ್ಟು, ವರ್ಗಾವಣೆ, ಮೇಲಧಿಕಾರಿಗಳ ಸಿಟ್ಟು ಎಲ್ಲ ಹತ್ತಿರದಿಂದ ಕಂಡವರು.

ಶುರುವಿನಲ್ಲೇ ಈ ತನಿಖೆಯ ಡಿಟೆಕ್ಟಿವ್ ಮೆಕ್‌ನಲ್ಟಿ ತನಗೆ ದೋಣಿ ಡ್ಯೂಟಿ ಮಾತ್ರ ಬೇಡ ಎಂದಿರುತ್ತಾನೆ. ಕೊನೆಗೆ ಅವನನ್ನು ಹಾಕುವುದು ಎಲ್ಲಿಗೆ ಹೇಳಿ? ಅದೇ ದೋಣಿಗೆ. ನಗು ಬಂತು, ಹೊಟ್ಟೆಯೂ ಉರಿಯಿತು.